ನೀಡುವ ಕೈ ಯಾರದು?

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಗಳ ಕಾಫಿ ಬೆಳೆಗಾರರನ್ನು ಕುರಿತು ಸರ್ಕಾರದ ಕಛೇರಿಗಳಿಂದಲೂ ಬ್ಯಾಂಕುಗಳಿಂದಲೂ ಹೊರಡುವ ಪ್ರಕಟಣೆಗಳನ್ನು ಓದುತ್ತ ಬಂದ ವಾಚಕರಿಗೆ ಒಂದು ಮಾತು ಕಂಠಪಾಠವಾಗಿ ಹೋಗಿರಬೇಕು. “ಸಹಾಯಧನ ನೀಡಲಾಗುವುದು”, “ನೆರವು ನೀಡಲಾಗಿದೆ”, “ಪರಿಹಾರ ನೀಡಲು ತೀರ್ಮಾನಿಸಲಾಯಿತು.” ಗಿಡಗಳ ಮರುನಾಟಿಗೆ ಹಣ ಬಂದರೂ ನೀಡುವುದೇ, ಹಳೆಯ ಸಾಲದ ಕಂತನ್ನು ಮುಂದಕ್ಕೆ ಹಾಕಿದರೂ ನೀಡುವುದೇ, ಬೆಳೆಗಾರನಿಗೆ ಹೊಸ ಸಾಲವನ್ನು ಹೊರಿಸಿದರೂ ನೀಡುವುದೇ. ಕೊಟ್ಟವರು ಯಾರು, ಕೊಟ್ಟ ಹಣ ಯಾರದು, ಅದನ್ನು ಹಿಂದಿರುಗಿಸತಕ್ಕದ್ದೋ ಇಲ್ಲವೋ ಎಂಬ ಮೂರು ಸಂಗತಿಗಳಲ್ಲಿ ಒಂದನ್ನೂ ಈ ಕ್ರಿಯಾಪದವು ಬಾಯಿಬಿಟ್ಟು ಹೇಳುವುದಿಲ್ಲ.

ವ್ಯಾಕರಣದ ಗೊಡವೆ ವೃತ್ತಪತ್ರಿಕೆಗೇಕೆ ಎಂದು ಕೇಳುವವರುಂಟು. ಒಬ್ಬನು ಮತ್ತೊಬ್ಬನ ಕೈಗೆ ನೂರು ರೂಪಾಯಿ ಹಾಕಿದನೆಂದರೆ ಕಣ್ಣಿಗೆ ಕಾಣುವುದು ಒಂದೇ ಕೆಲಸ. ಅದು ದಾನವೋ, ಸಾಲವೋ, ಕೂಲಿಯೋ, ಮಾಲಿನ ಬೆಲೆಯೋ ಎಂಬುದನ್ನು ನಿರ್ಣಯಿಸತಕ್ಕದ್ದು ಆ ಹೊತ್ತಿನಲ್ಲಿ ಆಡಿದ ಮಾತು. ಮಾತು ಮಸುಕಾದರೆ, ತನಗೆ ಸಲ್ಲಬೇಕಾದುದನ್ನು ಕೇಳುವವನು ಭಿಕ್ಷುಕನಂತೆ ಕಾಣುತ್ತಾನೆ. ಸಾಲ ಕೊಟ್ಟವನು ದಾನಿಯೆನಿಸುತ್ತಾನೆ. ನಮ್ಮ ಮಲೆನಾಡಿನಲ್ಲಿ ಈ ಮಸುಕಿನಿಂದಲೇ ಒಕ್ಕಲು ಮನೆಗಳು ಮುಳುಗಿವೆ, ಕೂಲಿಯಾಳುಗಳ ಮಕ್ಕಳೂ ಮೊಮ್ಮಕ್ಕಳೂ ಒಂದೇ ಲೆಕ್ಕದ ಪುಸ್ತಕದಲ್ಲಿ ಸಿಕ್ಕಿಬಿದ್ದಿದ್ದಾರೆ. ಆದುದರಿಂದ ಈ ವಿಷಯವು ಪಂಡಿತರ ಜಗಲಿಗೆ ಮಾತ್ರ ಸೇರಿದ್ದಲ್ಲವೆಂದು ನಾವು ಭಾವಿಸುತ್ತೇವೆ.

ನೀಡು ಎಂಬುದು ಒಳ್ಳೆಯ ಹಳೆಯ ಕನ್ನಡದ ಮಾತು. ಅದರ ಮೂಲಾರ್ಥವು ಚಾಚು, ಉದ್ದಮಾಡು ಎಂಬುದು. ಕಾಲು ನೀಡಿ ಕುಳಿತನೆಂದು ಇಂದಿಗೂ ಹೇಳುತ್ತೇವೆ. ಉತ್ತರ ಕರ್ನಾಟಕದಲ್ಲಿ ಎಲೆಗೆ ಅನ್ನ ಬಡಿಸುವುದಕ್ಕೂ ನೀಡುವುದೆನ್ನುತ್ತಾರೆ. ಕೈ ನೀಡು ಎಂಬಲ್ಲಿ ಒಂದು ಸ್ವಾರಸ್ಯವಿದೆ. ಕೊಡುವವನೂ ಕೈ ನೀಡುತ್ತಾನೆ, ಬೇಡುವವನೂ ಕೈ ನೀಡುತ್ತಾನೆ. ಮಾತಿನಲ್ಲಿ ಭೇದವಿಲ್ಲ, ಅಂಗೈ ಮೇಲಾಗಿದೆಯೋ ಕೆಳಗಾಗಿದೆಯೋ ನೋಡಿಯೇ ತಿಳಿಯಬೇಕು. ಇಂತಹ ಮಾತಿಗೆ “ಲಾಗಿದೆ”ಯನ್ನು ಅಂಟಿಸಿದರೆ ಕರ್ತೃವೇ ಮಾಯವಾಗುತ್ತಾನೆ. “ಸರ್ಕಾರದಿಂದ ಕೊಡಲ್ಪಟ್ಟಿತು” ಎಂಬ ನಮ್ಮ ಹಿರಿಯರ ಕರ್ಮಣಿ ಪ್ರಯೋಗವು ಕಿವಿಗೆ ಕರ್ಕಶವೆಂದು ಈಗಿನವರು ಹಾಸ್ಯ ಮಾಡುತ್ತಾರೆ. ಕರ್ಕಶವಾಗಿದ್ದರೂ ಅದು ಯಾರಿಂದ ಎಂಬುದನ್ನು ಮರೆಮಾಚುತ್ತಿರಲಿಲ್ಲ.

ಇದೇ ಬೆಟ್ಟಗಳಲ್ಲಿ ಪೂರ್ವಿಕರು ಹಣಕಾಸಿನ ಆಶ್ರಯವನ್ನು ಯಾವ ಮಾತಿನಿಂದ ಹೇಳುತ್ತಿದ್ದರೆಂದು ತಿಳಿಯಬೇಕಾದರೆ, ರೈಸ್ ಸಾಹೇಬರು 1901ನೆಯ ಇಸವಿಯಲ್ಲಿ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ನೋಡಬೇಕು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ಮೂಡಿಗೆರೆಯ ಬಳಿಯ ಅಂಗಡಿ, ಅಂದರೆ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು. ಸಾಂತರರೂ ಅನಂತರ ಕಳಸ-ಕಾರ್ಕಳದ ಭೈರರಸ ಒಡೆಯರೂ ಆಳಿದ ಕಳಸ. ಇಲ್ಲೆಲ್ಲ ದೇವಾಲಯಕ್ಕೋ ಬಸದಿಗೋ ಭೂಮಿಕಾಣಿಗಳು ಸಂದಿವೆ. ಇಂತಹ ದಾನಗಳಿಗೆ ನಮ್ಮ ನಾಡಿನ ಶಾಸನಗಳಲ್ಲಿ ಪದೇ ಪದೇ ಬರುವ ಕ್ರಿಯಾಪದವು “ಬಿಡು” ಎಂಬುದು. ಬಿಟ್ಟ ದತ್ತಿ, ಬಿಟ್ಟ ಭೂಮಿ. ಧಾರೆಯೆರೆದು ಬಿಟ್ಟ ಮೇಲೆ ಅದರ ಮೇಲೆ ಕೊಟ್ಟವನ ಹಿಡಿತವಿಲ್ಲ. ತಾನೇ ಕೊಟ್ಟದ್ದಾದರೂ ಸರಿಯೆ, ಅದನ್ನು ಹಿಂದಕ್ಕೆ ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂದು ಶಾಸನದ ಕೊನೆಯಲ್ಲಿ ಶಾಪವನ್ನೂ ಬರೆಸುತ್ತಿದ್ದರು. ಕೊಡುವುದೆಂದರೆ ಕೈಬಿಡುವುದೆಂಬ ಈ ಅರ್ಥವು ದೇವರಿಗೆ ಬಿಟ್ಟ ಗೂಳಿ, ಸ್ವಾಮಿಗೆ ಬಿಟ್ಟ ಗದ್ದೆ ಎಂಬ ಮಾತುಗಳಲ್ಲಿ ಇನ್ನೂ ಉಸಿರಾಡುತ್ತಿದೆ.

ಬಿಡುವುದಕ್ಕೆ ಒಂದು ಮಾತಿದ್ದಂತೆ ಉಳಿದವುಗಳಿಗೂ ಬೇರೆ ಬೇರೆ ಮಾತುಗಳಿದ್ದುವು. ರಾಜನಿಗೆ ತೆರುವುದು, ಹಕ್ಕಿದ್ದವನಿಗೆ ಸಲ್ಲಿಸುವುದು, ಸಾಲಗಾರನಾದವನು ತೀರಿಸುವುದು, ನೆರೆಮನೆಯವನಲ್ಲಿ ಪತ್ರವಿಲ್ಲದೆ ಕೈಗಡ ತರುವುದು. ಬಿತ್ತನೆಗೂ ಎತ್ತಿಗೂ ಸರ್ಕಾರವು ಕೊಡುತ್ತಿದ್ದ ಹಣಕ್ಕೆ ತಕ್ಕಾವಿ ಎಂದು ಹೆಸರು. ಟಿಪ್ಪುವಿನ ಕಂದಾಯದ ನಿಬಂಧನೆಗಳಲ್ಲಿಯೂ ಬಡ ರೈತನಿಗೆ ನೇಗಿಲಿಗಾಗಿ ತಕ್ಕಾವಿ ಕೊಡಬೇಕೆಂದಿತ್ತು. ಅರಬ್ಬಿ ಮೂಲದ ಆ ಶಬ್ದಕ್ಕೆ ಬಲಪಡಿಸುವುದೆಂದು ಅರ್ಥ. ಹೆಸರು ಮೃದುವಾದರೂ ಅದು ತೀರಿಸತಕ್ಕ ಸಾಲವೆಂಬ ವಿಷಯದಲ್ಲಿ ಶಾನುಭೋಗನಿಗಾಗಲಿ ರೈತನಿಗಾಗಲಿ ಸಂಶಯವಿರಲಿಲ್ಲ.

ಈ ಮಾತುಗಳನ್ನೆಲ್ಲ ಹಿಂದಕ್ಕೆ ತಳ್ಳಿ ಮುಂದೆ ಬಂದು ಕುಳಿತದ್ದು “ಸಬ್ಸಿಡಿ.” ಈಗ ಹಳ್ಳಿಯ ಅಜ್ಜಿಯೂ ಈ ಶಬ್ದವನ್ನು ಬಲ್ಲಳು. ಲ್ಯಾಟಿನ್ ಭಾಷೆಯಲ್ಲಿ ಇದರ ಮೂಲಶಬ್ದಕ್ಕೆ ಯುದ್ಧಪಂಕ್ತಿಯ ಹಿಂದೆ ಒತ್ತಾಸೆಯಾಗಿ ಕುಳಿತಿರುವ ಸೈನ್ಯವೆಂದು ಅರ್ಥ. ಮೈಸೂರು ಸೀಮೆಗೆ ಇದು ಬಂದದ್ದೂ ಸೈನ್ಯದ ಜತೆಯಲ್ಲಿಯೇ. ಶ್ರೀರಂಗಪಟ್ಟಣವು ಬಿದ್ದ ಮೇಲೆ 1799ನೆಯ ಇಸವಿ ಜುಲೈ ತಿಂಗಳಲ್ಲಿ, ಇನ್ನೂ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕಂಪನಿಯವರೊಡನೆ ಆದ ಕೌಲಿನಂತೆ, ಕಂಪನಿಯ ಸೈನ್ಯವು ಸಂಸ್ಥಾನವನ್ನು ಕಾಯತಕ್ಕದ್ದು. ಸಂಸ್ಥಾನವು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಸಬ್ಸಿಡಿಯಾಗಿ ತೆರತಕ್ಕದ್ದು. 1831ರಲ್ಲಿ ರಾಜ್ಯಭಾರವನ್ನು ಮಹಾರಾಜರ ಕೈಯಿಂದ ತೆಗೆದುಕೊಳ್ಳುವಾಗ ಈ ಹಣಕ್ಕೆ ಧಕ್ಕೆ ಬಂದೀತೆಂಬುದೂ ಒಂದು ನೆಪವಾಯಿತು. 1881ರಲ್ಲಿ ರಾಜ್ಯವನ್ನು ಹಿಂದಿರುಗಿಸುವಾಗ ಅದನ್ನು 35 ಲಕ್ಷಕ್ಕೆ ಏರಿಸಿದರು. ಕ್ಷಾಮದಿಂದ ಬಳಲಿದ್ದ ಸಂಸ್ಥಾನಕ್ಕೆ ಏರಿಕೆಯ ಭಾಗವನ್ನು 1896ರವರೆಗೆ ತಡೆಹಿಡಿದರು. 1927ರಲ್ಲಿ ವೈಸರಾಯ್ ಇರ್ವಿನ್ ಪ್ರಭುಗಳು ಮೈಸೂರಿಗೆ ಬಂದಾಗ ಆ ಹತ್ತೂವರೆ ಲಕ್ಷವನ್ನು ಬಿಟ್ಟುಕೊಟ್ಟುದನ್ನು ಮಹೋಪಕಾರವೆಂದು ಕೊಂಡಾಡಲಾಯಿತು.

ನಮ್ಮ ರೈತನ ಕಂದಾಯದಿಂದ ಹೊರಟ ಹಣ, ಕೊಟ್ಟವರು ನಾವು, ಆದರೂ ರಕ್ಷಕರೆನಿಸಿದವರು ತೆಗೆದುಕೊಂಡವರು! ಜನರು ಇದನ್ನು ಪೊಗದಿ ಎಂದರು, ಕಪ್ಪವೆಂದರು. ಜನರ ಭಾಷೆ ಸರಿಯಾಗಿತ್ತು. ಅದೇ ಸಬ್ಸಿಡಿ ಶಬ್ದವನ್ನು ಸಹಾಯಧನವೆಂದು ಕನ್ನಡಿಸಿ ಈಗ ಬೆಳೆಗಾರನ ಮುಂದೆ ಹಿಡಿದಿದ್ದೇವೆ. ಒಂದು ಮಾತನ್ನು ಇಲ್ಲಿ ಹೇಳಿಬಿಡಬೇಕು: ಅನುವಾದವು ಮೂಲಕ್ಕಿಂತ ಉದಾತ್ತವಾಗಿದೆ. ಸಹಾಯನೆಂದರೆ ಜತೆಯಲ್ಲಿ ನಡೆಯುವವನು, ಹಿಂದೆ ಕುಳಿತಿರುವವನಲ್ಲ. ಹಣ ಮಾತ್ರ ಆ ಶಬ್ದದ ಜತೆಯಲ್ಲಿ ನಡೆಯುತ್ತಿದೆಯೇ ಎಂಬುದು ವಿಚಾರಣೀಯ.

ಕಾಫಿಯ ವಿಷಯವನ್ನೇ ತೆಗೆದುಕೊಳ್ಳೋಣ. ಕಾಫಿಯ ಪ್ರಚಾರಕ್ಕೆಂದು 1935ರಲ್ಲಿ ಸೆಸ್ಸಿನ ಕಾಯಿದೆಯಾಯಿತು. ಅದರ ಕಮಿಟಿಯ ಖರ್ಚು ನಡೆದದ್ದು ರಫ್ತಾಗುವ ಕಾಫಿಯ ಮೇಲೆ ಎತ್ತಿದ ಸುಂಕದಿಂದ, ಅರ್ಥಾತ್ ಬೆಳೆಯ ಹಣದಿಂದಲೇ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆಗಳು ಮುಚ್ಚಿ ಕಾಫಿಯನ್ನು ಕೇಳುವವರಿಲ್ಲದಾದಾಗ 1940ರಲ್ಲಿ ಸುಗ್ರೀವಾಜ್ಞೆಯೂ 1942ರಲ್ಲಿ ಕಾಫಿ ಕಾಯಿದೆಯೂ ಬಂದು, ಬೆಳೆಗಾರನು ತನ್ನ ಕಾಫಿಯನ್ನು ಮಂಡಲಿಯ ಪೂಲಿಗೆ ಒಪ್ಪಿಸಬೇಕೆಂದಾಯಿತು. ಈ ಏರ್ಪಾಡು ಆಗ ಸಣ್ಣ ಬೆಳೆಗಾರರನ್ನು ಉಳಿಸಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರ ಲೆಕ್ಕದ ಭಾಷೆಯನ್ನು ಗಮನಿಸಬೇಕು. ಪಾರ್ಚಮೆಂಟನ್ನೋ ಚೆರಿಯನ್ನೋ ಕ್ಯೂರಿಂಗ್ ವರ್ಕ್ಸಿಗೆ ಸಾಗಿಸಿದ ದಿನ ಬೆಳೆಗಾರನಿಗೆ ದೊರೆಯುತ್ತಿದ್ದುದು ಅಡ್ವಾನ್ಸು. ಮಂಡಲಿಯು ಮಾರಿದ ಮೇಲೆ ಮಿಕ್ಕದ್ದು ಕಂತುಕಂತಾಗಿ ಬರುತ್ತಿತ್ತು. ಕೊನೆಯ ಕಂತು ಕೈಸೇರುವ ವೇಳೆಗೆ ಮುಂದಿನ ಬೆಳೆಯೂ ಗಿಡದ ಮೇಲೆ ಕೆಂಪಾಗಿರುತ್ತಿತ್ತು. ತನ್ನ ಮಾಲನ್ನು ಪೂರ್ತಿಯಾಗಿ ಒಪ್ಪಿಸಿದವನಿಗೆ ಸಂದ ಬೆಲೆಯ ಒಂದು ಪಾಲಿಗೆ ಮುಂಗಡವೆಂದು ಹೆಸರಿಟ್ಟರೆ ಅವನು ಸಾಲಗಾರನಂತೆ ಕೈಕಟ್ಟಿ ನಿಲ್ಲುವುದು ಸಹಜ. ಮಾಲು ಒಪ್ಪಿಸಿದವನೇ ಸಾಲ ಕೊಟ್ಟವನು, ಕಾಯಬೇಕಾದವನೂ ಅವನೇ ಆಗಿದ್ದನು. 1992ರಿಂದ ಹಂತಹಂತವಾಗಿ ಸಡಿಲಿಸುತ್ತ ಬಂದು 1996ರಲ್ಲಿ ಪೂಲು ಕೊನೆಗಂಡಿತು. ಭಾಷೆಯು ಮಾತ್ರ ಅದರೊಡನೆ ಹೋಗಲಿಲ್ಲ.

ನಿಜವಾಗಿ ಬಿಟ್ಟ ದತ್ತಿಯನ್ನು ನೋಡಬೇಕೆಂಬವರು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋಗಿಬರಲಿ. 1925ರಲ್ಲಿ ಮೈಸೂರು ಸರ್ಕಾರವು, ಕೃಷಿ ಇಲಾಖೆಯಲ್ಲಿ ಡಾಕ್ಟರ್ ಕೋಲ್ಮನ್ ಅವರು ದುಡಿಯುತ್ತಿದ್ದ ಕಾಲದಲ್ಲಿ, ಅದನ್ನು ಸ್ಥಾಪಿಸಿತು. ಎಲೆಯ ತುಕ್ಕುರೋಗದ ಕಾಟವನ್ನು ಇದಿರಿಸುವುದಕ್ಕಾಗಿ ಅಲ್ಲಿ ಹುಟ್ಟಿದ ಎಸ್. 795 ಎಂಬ ಅರೇಬಿಕಾ ತಳಿ 1940ರ ದಶಕದಲ್ಲಿ ಬೆಳೆಗಾರರಿಗೆ ದೊರೆತು, ಇಂದಿಗೂ ಈ ಬೆಟ್ಟಗಳ ನೆರಳಿನಲ್ಲಿ ಹಬ್ಬಿಕೊಂಡಿದೆ. ಆ ಬೀಜಕ್ಕೆ ಬಡ್ಡಿಯಿಲ್ಲ, ಜಾಮೀನಿಲ್ಲ. ಅದನ್ನು ಕುರಿತು “ನೀಡಲಾಗಿದೆ” ಎಂಬ ಫಲಕವನ್ನು ತೋಟದ ಬಾಗಿಲಿನಲ್ಲಿ ಯಾರೂ ನೆಟ್ಟಿಲ್ಲ.

ಇದಕ್ಕೆ ಪ್ರತಿಯಾಗಿ ಈ ಶತಮಾನದ ಆರಂಭದ ಕಥೆಯನ್ನು ನೋಡಿ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದು, ವಿಯೆಟ್ನಾಮಿನ ರೊಬಸ್ಟ ಪೇಟೆಯನ್ನು ತುಂಬಿ, 2001ರ ಸುಮಾರಿಗೆ ಕಾಫಿಯ ಬೆಲೆ ಕೊಯ್ಲಿನ ಕೂಲಿಗೂ ಸಾಲದಷ್ಟು ಕುಸಿಯಿತು. ಆಗ 2002ರಲ್ಲಿ “ಪರಿಹಾರ”ವೆಂದು ಬಂದುದರ ಸಾರವೇನು? ಬಾಕಿ ಬಿದ್ದಿದ್ದ ಹಳೆಯ ಸಾಲಗಳನ್ನು ಒಟ್ಟುಗೂಡಿಸಿ ವಿಶೇಷ ಕಾಫಿ ಅವಧಿ ಸಾಲವೆಂಬ ಹೊಸ ಹೆಸರಿನಿಂದ ಮತ್ತೆ ಅದೇ ಬೆಳೆಗಾರನ ತಲೆಗೆ ಕಟ್ಟಿದ್ದು. ಕಾಲಾವಕಾಶವೂ ಉಪಕಾರವೇ ಸರಿ. ಆದರೆ ಅದನ್ನು ಕಾಲಾವಕಾಶವೆಂದೇ ಕರೆಯಬೇಕಾಗಿತ್ತು. ಸಣ್ಣ ಬೆಳೆಗಾರರ ಇಂತಹ ಸಾಲಗಳಲ್ಲಿ ಒಂದು ಭಾಗವನ್ನು ಸರ್ಕಾರವು ಹೊತ್ತು, ಒಂದು ಭಾಗವನ್ನು ಬ್ಯಾಂಕುಗಳು ಬಿಟ್ಟು, ಉಳಿದುದಕ್ಕೆ ಹೊಸ ಕಂತು ಕಟ್ಟುವ ಏರ್ಪಾಡು 2010ರಲ್ಲಿ ಆಯಿತು. ಇದರಲ್ಲಿ ಬಿಟ್ಟದ್ದೂ ಉಂಟು, ಮುಂದೂಡಿದ್ದೂ ಉಂಟು. ಎರಡನ್ನೂ ಪರಿಹಾರವೆಂಬ ಒಂದೇ ಮಡಕೆಯಲ್ಲಿ ಹಾಕಿ ಕಲಸಿದ್ದರಿಂದ, ತನ್ನ ಸಾಲವೆಲ್ಲ ಹರಿಯಿತೆಂದು ನಂಬಿಕೊಂಡವನಿಗೆ ಅನಂತರ ನೋಟೀಸು ಕೈಗೆ ಬಂದಾಗ ಭೂಮಿ ಬಾಯಿಬಿಟ್ಟಂತಾಗುತ್ತದೆ. ಕೃಷಿಭೂಮಿಯನ್ನು ಹೊರತುಪಡಿಸಿರುವ 2002ರ ಸರ್ಫೇಸಿ ಕಾಯಿದೆಯು ಕಾಫಿ ತೋಟಕ್ಕೆ ತಗಲುವುದೇ ಎಂಬ ವಿವಾದವೂ ಇದರ ಮೇಲೆ ಸೇರಿಕೊಂಡಿತು. ಇನ್ನು ಮರುನಾಟಿಯ ಸಬ್ಸಿಡಿಯಾದರೋ ವೆಚ್ಚದ ಒಂದು ಅಂಶ ಮಾತ್ರ. ಕೇಂದ್ರ ಸರ್ಕಾರದ ಬೊಕ್ಕಸದಿಂದ ಬರುವ ಆ ಹಣವು ದೇಶದ ತೆರಿಗೆದಾರರದು. ಅವರಲ್ಲಿ ಕಾಫಿ ಬೆಳೆಗಾರನೂ ಒಬ್ಬ, ಅವನ ಲೈನಿನಲ್ಲಿ ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವಳೂ ಒಬ್ಬಳು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದು ಗಾದೆಯಿದೆಯಷ್ಟೆ. ಜಾತ್ರೆ ನಡೆಯಲಿ, ಬೇಡವೆನ್ನುವುದಿಲ್ಲ. ದುಡ್ಡು ಯಾರದೆಂಬುದನ್ನು ಕೂಗಿ ಹೇಳಲಿ.

ಇಷ್ಟರವರೆಗೆ ನಮ್ಮ ಮಾತನ್ನು ಕೇಳಿ ತೋಟದ ಯಜಮಾನರು ತಲೆದೂಗಿರಬಹುದು. ಇನ್ನು ಮುಂದಿನದು ಅವರಿಗೇ ಸಂಬಂಧಪಟ್ಟದ್ದು. ಸರ್ಕಾರವು ತಮ್ಮ ಬೆಲೆಯನ್ನು ಮುಂಗಡವೆಂದಿತೆಂದು ನೊಂದವರು, ತಮ್ಮ ತೋಟದ ಆಳಿನ ಕೂಲಿಯನ್ನು ಏನೆಂದು ಕರೆಯುತ್ತಾರೆ?

ಕಾಫಿ ತೋಟಗಳು ಹಬ್ಬಿದ ಕಾಲದಿಂದ ಘಟ್ಟದ ಕೆಳಗಿನ ತುಳುನಾಡಿನಿಂದಲೂ ತಮಿಳು ಸೀಮೆಯಿಂದಲೂ ಬಯಲುಸೀಮೆಯಿಂದಲೂ ಆಳುಗಳನ್ನು ಕರೆತರುತ್ತಿದ್ದವನು ಮೇಸ್ತ್ರಿ. ಮೇಸ್ತ್ರಿಗೆ ತೋಟದಿಂದ ಮುಂಗಡ, ಮೇಸ್ತ್ರಿಯಿಂದ ಆಳಿಗೆ ಮುಂಗಡ. ಹಬ್ಬಕ್ಕೋ ಮದುವೆಗೋ ಹೊಟ್ಟೆಗೋ ತೆಗೆದುಕೊಂಡ ನಾಲ್ಕು ಕಾಸು ರೈಟರ ಪುಸ್ತಕದಲ್ಲಿ ಆಳಿನ ಹೆಸರಿನ ಮುಂದೆ ಕುಳಿತಿತೆಂದರೆ, ಎಷ್ಟು ಮಳೆಗಾಲ ಹೋದರೂ ಅದು ಏಳುತ್ತಿರಲಿಲ್ಲ. ಬ್ರಿಟಿಷ್ ಸರ್ಕಾರವು 1859ರಲ್ಲಿ ಮಾಡಿದ ಕರಾರುಭಂಗದ ಕಾಯಿದೆಯಂತೆ, ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿತ್ತು. ಹಣ ಹಿಂದಿರುಗಿಸು ಇಲ್ಲವೆ ದುಡಿ ಎಂಬ ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ದಕ್ಷಿಣದ ತೋಟಗಳ ಒಡೆಯರು ಈ ಕಾಯಿದೆಯನ್ನು ಬಹಳವಾಗಿ ನೆಚ್ಚಿದ್ದರು. ಯಾವ ಬ್ಯಾಂಕೂ ತನ್ನ ಸಾಲಗಾರನಿಗೆ ಕೊಡಿಸಲಾರದ ಶಿಕ್ಷೆಯನ್ನು ಹತ್ತು ರೂಪಾಯಿಯ ಮುಂಗಡವು ಕೊಡಿಸುತ್ತಿತ್ತು! 1925ರ ಕಾನೂನಿನಿಂದ ಅದು ರದ್ದಾಯಿತು. ಕಾಯಿದೆ ಹೋದರೂ ಅದರ ವಾಸನೆ ಬೆಟ್ಟದಿಂದ ಇಳಿಯಲಿಲ್ಲ.

ಮಲೆನಾಡಿನ ಮನೆಗಳಲ್ಲಿ ಇನ್ನೊಂದು ಕ್ರಿಯಾಪದವುಂಟು. “ಇವರನ್ನು ನಮ್ಮ ಅಜ್ಜನ ಕಾಲದಿಂದ ಸಾಕಿಕೊಂಡು ಬಂದಿದ್ದೇವೆ” ಎಂದು ಯಜಮಾನರು ಹೇಳುತ್ತಾರೆ. ಹೇಳುವವರಲ್ಲಿ ದಯೆಯಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಕಷ್ಟಕಾಲದಲ್ಲಿ ಆಳುಮಕ್ಕಳ ಮನೆಗೆ ಅಕ್ಕಿ ಕಳುಹಿಸಿದ ಮನೆತನಗಳು ಈ ಸೀಮೆಯಲ್ಲಿ ಅನೇಕವಾಗಿವೆ. ಆದರೆ ಕನ್ನಡದಲ್ಲಿ ಸಾಕುವುದು ಹಸುವನ್ನು, ನಾಯಿಯನ್ನು, ಎಳೆಯ ಮಕ್ಕಳನ್ನು. ಬೆಳಗ್ಗೆ ಚೆಕ್‌ರೋಲಿಗೆ ಹೆಸರು ಕೂಗುವ ಹೊತ್ತಿಗೆ ಬಂದು ನಿಂತು, ಸಂಜೆಯವರೆಗೆ ಹಣ್ಣು ಕೊಯ್ದು, ಮೂಟೆ ಹೊತ್ತು ಅಳೆಯಿಸಿಕೊಳ್ಳುವ ಪ್ರಾಯದ ಹೆಂಗಸನ್ನು ಯಾರೂ ಸಾಕಲಾರರು. ಅವಳಿಗೆ ಕೂಲಿ ಸಲ್ಲಬೇಕು. ತೋಟದಲ್ಲಿ ಮನೆ, ಔಷಧೋಪಚಾರ, ಶಿಶುಗಳಿಗೆ ಆಸರೆ ಇವುಗಳನ್ನು ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆಯು ದೊಡ್ಡ ತೋಟಗಳ ಒಡೆಯರ ಮೇಲೆ ಹೊರಿಸಿತು. 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ಅದು ಸೇರಿಕೊಂಡಿತು. ಶಾಸನವು ವಿಧಿಸಿದ್ದನ್ನು ಮಾಡುವುದು ನೀಡುವುದಾಗದು, ಸಲ್ಲಿಸುವುದಾಗುತ್ತದೆ.

ಈಗ ಮೇಸ್ತ್ರಿಯ ಸ್ಥಾನದಲ್ಲಿ ಕಂಟ್ರಾಕ್ಟುದಾರನಿದ್ದಾನೆ; ಆಳುಗಳು ಅಸ್ಸಾಮು, ಬಂಗಾಳ, ಝಾರ್ಖಂಡ ಮುಂತಾದ ದೂರದ ಸೀಮೆಗಳಿಂದ ರೈಲು ಹತ್ತಿ ಬರುತ್ತಾರೆ. ಅವರಿಗೆ ಕನ್ನಡ ಬಾರದು, ರೈಟರಿಗೆ ಅವರ ಭಾಷೆ ಬಾರದು. ಇಬ್ಬರ ನಡುವೆ ಸಮಾನವಾಗಿ ತಿಳಿದ ಶಬ್ದವೆಂದರೆ “ಅಡ್ವಾನ್ಸ್” ಒಂದೇ. ಆ ಹಣ ಎಷ್ಟು, ಅದರಲ್ಲಿ ಕಂಟ್ರಾಕ್ಟುದಾರನ ಪಾಲೆಷ್ಟು, ರೈಲಿನ ಖರ್ಚು ಯಾರದು, ವಾರದ ಕೂಲಿಯಿಂದ ಎಷ್ಟು ಮುರಿಯತಕ್ಕದ್ದು, ಮಧ್ಯದಲ್ಲಿ ಊರಿಗೆ ಹೋಗಬೇಕಾದರೆ ಗತಿಯೇನು ಎಂಬ ಪ್ರಶ್ನೆಗಳು ಆ ಒಂದು ಶಬ್ದದ ಅಡಿಯಲ್ಲಿ ಹೂತುಹೋಗುತ್ತವೆ. 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯನ್ನು ಬರೆದವರು ಈ ಮರ್ಮವನ್ನು ಅರಿತಿದ್ದರು. ಆ ಕಾಯಿದೆಯಲ್ಲಿ ಮೊದಲು ಅರ್ಥನಿರೂಪಣೆ ಮಾಡಿರುವ ಶಬ್ದವೇ ಮುಂಗಡವೆಂಬುದು. ನಗದಾಗಿಯಾಗಲಿ ಪದಾರ್ಥರೂಪವಾಗಿಯಾಗಲಿ ಕೊಟ್ಟದ್ದೆಲ್ಲವೂ ಅದರಲ್ಲಿ ಸೇರಿದೆ. ಜೀತದ ಸಾಲವೆಂದು ಆಳು ಹೇಳಿದರೆ, ಅದು ಅಂತಹದಲ್ಲವೆಂದು ಸಿದ್ಧಪಡಿಸುವ ಭಾರವು 15ನೆಯ ಕಲಮಿನ ಪ್ರಕಾರ ಹಣ ಕೊಟ್ಟವನ ಮೇಲೆಯೇ ಬೀಳುತ್ತದೆ. ಯಜಮಾನರು ಈ ಕಲಮನ್ನು ನಿಧಾನವಾಗಿ ಓದಿಕೊಳ್ಳುವುದು ಅವರ ಕ್ಷೇಮಕ್ಕೂ ಒಳ್ಳೆಯದು. ರೈಟರ ಪುಸ್ತಕದಲ್ಲಿ “ಕೊಟ್ಟದ್ದು” ಎಂಬ ಒಂದೇ ಅಂಕಣದಲ್ಲಿ ಕೂಲಿ, ಮುಂಗಡ, ಅಕ್ಕಿ, ಔಷಧ, ಹಬ್ಬದ ಇನಾಮು ಎಲ್ಲವನ್ನೂ ಗೀಚಿಕೊಂಡವನಿಗೆ ನ್ಯಾಯಾಧಿಕಾರಿಯ ಮುಂದೆ ತೋರಿಸಲು ಏನು ಉಳಿಯುತ್ತದೆ?

ಬೆಲೆ ಏರಿಳಿಯುವ ಬೆಳೆಗೆ ಮುಂಗಡವಿಲ್ಲದೆ ಆಳು ಸಿಕ್ಕುವುದಿಲ್ಲ, ನೀವು ಪೇಟೆಯಲ್ಲಿ ಕುಳಿತು ಬರೆಯುತ್ತೀರಿ ಎಂದು ನಮಗೆ ಉತ್ತರ ಬಂದೀತು. ಮುಂಗಡವನ್ನು ನಿಲ್ಲಿಸಿರೆಂದು ನಾವು ಹೇಳುತ್ತಿಲ್ಲ. ಅದು ಮುಂಗಡವೆಂದೂ, ಇಷ್ಟೆಂದೂ, ಇಂತಿಷ್ಟು ವಾರಗಳಲ್ಲಿ ತೀರುವುದೆಂದೂ, ತೀರಿದ ದಿನ ಲೆಕ್ಕ ಮುಗಿಯಿತೆಂದೂ, ಆಳಿಗೆ ತಿಳಿಯುವ ಭಾಷೆಯಲ್ಲಿ ಅಚ್ಚುಮಾಡಿದ ಚೀಟಿಯನ್ನು ಅವನ ಕೈಗೇ ಕೊಡಿ ಎನ್ನುತ್ತೇವೆ. ಇನಾಮು ಕೊಟ್ಟರೆ ಇನಾಮೆಂದು ಬೇರೆ ಬರೆದು, ಅದನ್ನು ಮುಂದೆಂದೂ ಸಾಲದ ಅಂಕಣಕ್ಕೆ ಎಳೆಯದಿರಲಿ. ಸರ್ಕಾರದ ಅಧಿಕಾರಿಗಳೂ ಬ್ಯಾಂಕಿನವರೂ ತಮ್ಮ ಪ್ರಕಟಣೆಗಳಲ್ಲಿ ಇದೇ ನಿಯಮವನ್ನು ಹಿಡಿಯಲಿ: ಹಣ ಯಾವ ಬಾಬಿನಿಂದ ಬಂದಿತು, ಬಿಟ್ಟದ್ದೆಷ್ಟು, ಮುಂದೂಡಿದ್ದೆಷ್ಟು, ಬಡ್ಡಿ ಓಡುತ್ತಿದ್ದರೆ ಎಂದಿನಿಂದ. ಕಛೇರಿಯ ಮುನ್ಷಿಗೆ ಇದರಿಂದ ನಾಲ್ಕು ಸಾಲು ಹೆಚ್ಚು ಬರೆಯುವ ಶ್ರಮ ತಗಲಬಹುದು. ಆ ನಾಲ್ಕು ಸಾಲಿನ ಅಭಾವದಿಂದ ಬೆಳೆಗಾರನು ವಕೀಲರ ಮನೆಗೆ ತಿರುಗುವ ಶ್ರಮವನ್ನು ಅದರ ಪಕ್ಕದಲ್ಲಿಟ್ಟು ತೂಗಲಿ. ಪ್ರಕಟಣೆಗಳನ್ನು ಇದ್ದಂತೆಯೇ ಅಚ್ಚು ಹಾಕುವ ವೃತ್ತಪತ್ರಿಕೆಗಳಿಗೂ ಇದರಲ್ಲಿ ಪಾಲಿದೆ. “ನೀಡಲಾಗಿದೆ” ಎಂದು ಬಂದ ಕಡೆಯಲ್ಲೆಲ್ಲ ಯಾರು, ಯಾರಿಗೆ, ಯಾರದನ್ನು ಎಂದು ಕೇಳಿ ತಿಳಿದು ಬರೆಯುವುದು ಸುದ್ದಿ ವಿಭಾಗದ ಕರ್ತವ್ಯ.

ಅರೇಬಿಕಾದ ಕೊಯ್ಲು ನವೆಂಬರಿನಲ್ಲಿ ಮೊದಲಾಗುತ್ತದೆ. ಅದಕ್ಕೆ ಮುಂಚೆಯೇ ಕಂಟ್ರಾಕ್ಟುದಾರರು ಹಣದ ಗಂಟಿನೊಡನೆ ಆಳುಗಳನ್ನು ಕರೆತರಲು ಹೊರಡುತ್ತಾರೆ. ಚೀಟಿಗಳು ಅಚ್ಚಾಗಬೇಕಾದದ್ದು ಅವರು ಹೊರಡುವುದಕ್ಕೆ ಮೊದಲು.